ಕ್ಲೋರಿನ್ ಮೇಲೆ ಹೊರಿಸಿದ ಅಪವಾದ

ನಲ್ಲಿ ನೀರನ್ನು ಬಕೆಟಿಗೆ ಹಿಡಿದು, ರಾತ್ರಿಯೆಲ್ಲ ಇಟ್ಟು, ಕ್ಲೋರಿನ್ ಹಾರಿಹೋದ ಮೇಲೆಯೇ ಗಿಡಕ್ಕೆ ಹಾಕಬೇಕು ಎಂಬುದು ತಾರಸಿ ತೋಟದ ಮೊದಲ ಪಾಠವಾಗಿಬಿಟ್ಟಿದೆ. ಈ ಪದ್ಧತಿಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಂತೂ ಅದು ಹಿಡಿದಿರುವುದು ತಪ್ಪು ಆರೋಪಿಯನ್ನು.

ಒಂದು ಬಕೆಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕುಡಿಯುವ ನೀರಿನ ಮಾನಕ ಐಎಸ್ 10500 ಕೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್. 0.5 ಎಂದೇ ಹಿಡಿಯಿರಿ, 10 ಲೀಟರಿನ ಬಕೆಟಿನಲ್ಲಿ 5 ಮಿಲಿಗ್ರಾಂ ಆಯಿತು. ಸಾವಿರ ಅಡಿ ಆಳದ ಕೊಳವೆಬಾವಿಯ ಆ ನೀರು ಲೀಟರಿಗೆ 1,000 ಮಿಲಿಗ್ರಾಂ ಲವಣ ಹೊತ್ತು ಬಂದಿದ್ದರೆ ಅದೇ ಬಕೆಟಿನಲ್ಲಿ 10 ಗ್ರಾಂ ಲವಣವಿರುತ್ತದೆ, ಕ್ಲೋರಿನ್ನಿನ ಎರಡು ಸಾವಿರ ಪಟ್ಟು. ಬೆಳಗಾಗುವಷ್ಟರಲ್ಲಿ 5 ಮಿಲಿಗ್ರಾಂನ ಬಹುಪಾಲು ಹೋಗಿರುತ್ತದೆ, ನಿಜ. 10 ಗ್ರಾಂ ಮಾತ್ರ ಹಾಗೇ ಉಳಿಯುತ್ತದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದೂ ಕದಲುವುದಿಲ್ಲ. ಕುಂಡದ ಅಂಚಿಗೆ ಕಟ್ಟುವ ಬಿಳಿ ಪಟ್ಟೆ, ಸ್ಪೈಡರ್ ಪ್ಲಾಂಟಿನ ಕಂದಿದ ಎಲೆತುದಿ, ಎರಡಕ್ಕೂ ಮೊದಲು ಅನುಮಾನಿಸಬೇಕಾದದ್ದು ಇವನ್ನೇ. ಅಲ್ಲದೆ ನಮ್ಮಲ್ಲಿ ದಿನಗಟ್ಟಲೆ ಕಾದ ಮೇಲೆ ಬರುವ ನೀರು ಸಂಪು, ಟ್ಯಾಂಕುಗಳಲ್ಲಿ ಆಗಲೇ ನಿಂತಿರುತ್ತದೆ. ಅದಕ್ಕೆ ಇನ್ನೊಂದು ರಾತ್ರಿ ಯಾತಕ್ಕೆ?

ಕ್ಲೋರಿನ್ ಮಣ್ಣಿನ ಜೀವಾಣುಗಳನ್ನೆಲ್ಲ ಕೊಲ್ಲುತ್ತದೆ ಎಂದು ಬರೆಯುವ ಸಾವಯವ ಲೇಖಕರ ಮಾತನ್ನು ನಾನು ಒಪ್ಪಲಾರೆ. ಬರೀ ನೀರಿನಲ್ಲಿ ಅದು ಕೊಲ್ಲುವುದು ಹೌದು. ಗೊಬ್ಬರ ಬೆರೆತ ಮಣ್ಣಿಗೆ ಬಿದ್ದ ಇಷ್ಟು ಅಲ್ಪ ಕ್ಲೋರಿನ್ ಮಾತ್ರ ಮೇಲ್ಪದರದ ಸಾವಯವ ವಸ್ತುವಿನ ಜೊತೆ ವರ್ತಿಸಿ ಅಲ್ಲೇ ಮುಗಿದುಹೋಗುತ್ತದೆ. ಡ್ರಿಪ್ ಪೈಪಿನ ಪಾಚಿ ತೆಗೆಯಲು ಇದಕ್ಕಿಂತ ಹೆಚ್ಚು ಕ್ಲೋರಿನ್ ಬಿಡುವ ಕ್ರಮವಿದೆ, ಅದರಿಂದ ತೋಟಗಳೇನೂ ಬಂಜರಾಗಿಲ್ಲ. ವಿಟಮಿನ್ ಸಿ ಬೆರೆಸಿ ಎನ್ನುವವರ ಸಲಹೆ ಕ್ಲೋರಮೈನ್ ಬಳಸುವ ಹೊರದೇಶದ ನಗರಗಳಿಂದ ಬಂದದ್ದು. ಕ್ಲೋರಮೈನ್ ಇಟ್ಟ ನೀರಿನಿಂದ ಸುಲಭಕ್ಕೆ ಹೋಗದು. ಬ್ಲೀಚಿಂಗ್ ಪೌಡರಿನ ಊರಿಗೆ ಆ ಖರ್ಚು ಬೇಡ. ಜೀವಾಮೃತ ಕಲಸುವಾಗ, ಟ್ಯಾಂಕಿಗೆ ಆಗಷ್ಟೇ ಬ್ಲೀಚಿಂಗ್ ಹಾಕಿದಾಗ ನೀರು ಇಟ್ಟು ಬಳಸುವುದು ಸರಿ. ಈ ಪದ್ಧತಿಗೆ ಸಲ್ಲಬೇಕಾದ ಮನ್ನಣೆ ಅಷ್ಟೇ.

ಇದರ ದೊಡ್ಡ ಕೇಡು ಬೇರೆ ಇದೆ. ಗಿಡಕ್ಕೇ ಆಗದ್ದು ಮಕ್ಕಳಿಗೆ ಆದೀತೇ ಎಂಬ ಭಯ ಹುಟ್ಟಿಕೊಂಡರೆ, ಬ್ಲೀಚಿಂಗ್ ಕಡಿಮೆ ಹಾಕಪ್ಪ ಎಂದು ಜನ ನೀರುಗಂಟಿಗೆ ಹೇಳತೊಡಗುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡೇ ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ, ಇಂಗಿ ಅಂತರ್ಜಲ ಸೇರುತ್ತಿದೆ. ಇಂಥ ಜಿಲ್ಲೆಯಲ್ಲಿ ಕೊನೆಯ ನಲ್ಲಿಯಲ್ಲೂ ಕ್ಲೋರಿನ್ ಇದೆಯೇ ಎಂದು ಕೇಳಬೇಕು. ಮೂರನೇ ಹಂತದ ಶುದ್ಧೀಕರಣಕ್ಕಾಗಿ ಪಟ್ಟು ಹಿಡಿಯಬೇಕು.

ಗಿಡಕ್ಕೆ ಮಾಡಬೇಕಾದದ್ದು ಸುಲಭ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕುಂಡಕ್ಕೆ ಸುರಿಯಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು. ಆಗಾಗ ತಳದಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಳೆನೀರು ಹಿಡಿಯಿರಿ. ವರ್ಷಕ್ಕೆ 700 ಮಿ.ಮೀ. ಮಳೆಯಾದರೆ 10 ಚದರ ಮೀಟರ್ ತಾರಸಿಯ ಮೇಲೆ ಬೀಳುವುದು 7,000 ಲೀಟರ್. ಸೋರಿ, ಆವಿಯಾಗಿ ಒಂದಿಷ್ಟು ಹೋದರೂ ಮನೆಯ ಕುಂಡಗಳಿಗೆ ಬಹುಕಾಲ ಬಂದೀತು. ಬಕೆಟಿನ ಮುಂದೆ ಕಾಯುವ ಶ್ರದ್ಧೆ ತಾರಸಿಯ ಪೈಪಿನ ಕಡೆಗೆ ತಿರುಗಿದರೆ ಗಿಡಕ್ಕೂ ಒಳ್ಳೆಯದು, ಕೊಳವೆಬಾವಿಗೂ ಒಳ್ಳೆಯದು.