ಬೋಲ್ಟ್ಸ್‌ಮನ್ನನ ಸಮೀಕರಣ: ಸಾಧನೆಯೂ ಊಹೆಯೂ

ಲೂಡ್ವಿಗ್ ಬೋಲ್ಟ್ಸ್‌ಮನ್ನನ ‘ಅನಿಲಸಿದ್ಧಾಂತದ ಉಪನ್ಯಾಸಗಳು’ ಎಂಬ ಜರ್ಮನ್ ಗ್ರಂಥವು 1896 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. 1964ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು. ಭೌತವಿಜ್ಞಾನಿಗಳು ಅದನ್ನು ತಮ್ಮ ಶಾಸ್ತ್ರದ ಮೂಲಗ್ರಂಥಗಳಲ್ಲೊಂದೆಂದು ಗೌರವಿಸುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಅದು ಬೇರೊಂದು ಕಾರಣದಿಂದಲೂ ಬೆಲೆಯುಳ್ಳದ್ದು. ಸಿದ್ಧಾಂತವೊಂದು ತನ್ನೊಳಗೆ ಅಡಗಿದ್ದ ಊಹೆಯನ್ನು ಆಕ್ಷೇಪಗಳ ಒತ್ತಡದಿಂದ ಪ್ರಕಟವಾಗಿ ಒಪ್ಪಿಕೊಂಡುದಕ್ಕೆ ಅದು ಸಾಕ್ಷಿಯಾಗಿದೆ.

ಅನಿಲದ ಅಸಂಖ್ಯ ಅಣುಗಳಲ್ಲಿ ಒಂದೊಂದರ ಚಲನೆಯನ್ನೂ ಲೆಕ್ಕಹಾಕುವುದು ಅಸಾಧ್ಯ. ಆದುದರಿಂದ ಯಾವ ವೇಗದಿಂದ ಎಷ್ಟು ಅಣುಗಳು ಚಲಿಸುತ್ತಿವೆಯೆಂಬ ಹಂಚಿಕೆಯನ್ನು ಮಾತ್ರ ಗಣನೆಗೆ ತಂದುಕೊಂಡು, ಪರಸ್ಪರ ಸಂಘಟ್ಟನೆಯಿಂದ ಅದು ಹೇಗೆ ಮಾರ್ಪಡುವುದೆಂಬುದನ್ನು ಬೋಲ್ಟ್ಸ್‌ಮನ್ನನು 1872ರಲ್ಲಿ ಸಮೀಕರಣ ರೂಪದಲ್ಲಿ ನಿರೂಪಿಸಿದನು. ಹಂಚಿಕೆಯು ಸಮತೋಲದ ಕಡೆಗೇ ಸಾಗುವುದಲ್ಲದೆ ಹಿಂದಿರುಗದೆಂಬುದನ್ನು ಇದರಿಂದ ಸಾಧಿಸಿದಂತಾಯಿತೆಂದು ಆತನು ಭಾವಿಸಿದನು.

1876ರಲ್ಲಿ ಲೋಷ್ಮಿಟ್ಟನು ಇದನ್ನು ಆಕ್ಷೇಪಿಸಿದನು. ಎಲ್ಲ ಅಣುಗಳ ವೇಗವನ್ನೂ ಒಮ್ಮೆಗೇ ಹಿಮ್ಮುಖವಾಗಿಸಿದರೆ, ನ್ಯೂಟನ್ನನ ನಿಯಮಗಳಂತೆಯೇ ಅನಿಲವು ಬಂದ ದಾರಿಯಲ್ಲಿ ಹಿಂದಿರುಗಬೇಕಲ್ಲವೆ? 1896ರಲ್ಲಿ ಟ್ಸೆರ್ಮೆಲೋ ಎಂಬುವನು ಪ್ವಾಂಕರೆಯ ಪ್ರಮೇಯವನ್ನಾಧರಿಸಿ, ಪರಿಮಿತ ವ್ಯವಸ್ಥೆಯು ಎಂದಾದರೊಮ್ಮೆ ತನ್ನ ಮೊದಲ ಸ್ಥಿತಿಯ ಸಮೀಪಕ್ಕೆ ಮರಳಲೇಬೇಕೆಂದು ವಾದಿಸಿದನು.

ಈ ಆಕ್ಷೇಪಗಳನ್ನು, ಅಣುವಾದವನ್ನು ಒಪ್ಪದ ಕಾಲವೊಂದು ಪ್ರತಿಭಾಶಾಲಿಗೆ ಕೊಟ್ಟ ಕಿರುಕುಳವೆಂಬಂತೆ ವರ್ಣಿಸುವ ವಾಡಿಕೆಯುಂಟು. ಅದು ಇತಿಹಾಸಕ್ಕೆ ನ್ಯಾಯವಾದುದಲ್ಲ. ಲೋಷ್ಮಿಟ್ಟನು ವಿಯೆನ್ನಾದಲ್ಲಿ ಬೋಲ್ಟ್ಸ್‌ಮನ್ನನ ಸ್ನೇಹಿತನಾಗಿದ್ದವನು. 1865ರಲ್ಲಿಯೇ ಅಣುವಿನ ಗಾತ್ರವನ್ನು ಅಂದಾಜು ಮಾಡಿದವನು. ಆತನ ಆಕ್ಷೇಪಕ್ಕೆ ಉತ್ತರಿಸುತ್ತಲೇ 1877ರಲ್ಲಿ ಬೋಲ್ಟ್ಸ್‌ಮನ್ನನು ಸಂಭವನೀಯತೆಯ ವಿಚಾರವನ್ನು ಬೆಳೆಸಿದನು. 1896ರ ಸಂಪುಟದಲ್ಲಿ, ‘ಅಣುಗಳ ಅವ್ಯವಸ್ಥೆ’ ಎಂಬ ಊಹೆಯನ್ನು ಹೆಸರಿಟ್ಟೇ ಹೇಳಿದನು. ಸಂಘಟ್ಟಿಸಲಿರುವ ಎರಡು ಅಣುಗಳ ವೇಗಗಳಿಗೆ ಪರಸ್ಪರ ಸಂಬಂಧವಿಲ್ಲವೆಂಬುದೇ ಅದರ ತಾತ್ಪರ್ಯ. ಸಂಘಟ್ಟನೆಯಾದ ಬಳಿಕ ಅವುಗಳ ವೇಗಗಳು ಸಂಬಂಧರಹಿತವಾಗಿ ಉಳಿಯುವುದಿಲ್ಲ. ಕಾಲಕ್ಕೆ ಒಂದು ದಿಕ್ಕು ದೊರೆತುದು ಯಂತ್ರಶಾಸ್ತ್ರದ ನಿಯಮಗಳಿಂದಲ್ಲ, ಈ ಊಹೆಯಿಂದ.

ಗ್ರಂಥದ ನ್ಯೂನತೆಯೂ ಇಲ್ಲಿಯೇ ಇದೆ. ಆರಂಭದಲ್ಲಿದ್ದ ಅವ್ಯವಸ್ಥೆಯು ಅನೇಕ ಸಂಘಟ್ಟನೆಗಳ ಅನಂತರವೂ ಹಾಗೆಯೇ ಉಳಿಯುವುದೆಂಬುದಕ್ಕೆ ಬೋಲ್ಟ್ಸ್‌ಮನ್ನನು ಕಟ್ಟುನಿಟ್ಟಾದ ಸಾಧನೆಯನ್ನು ಕೊಡಲಿಲ್ಲ. ಆದರೂ ಸಮೀಕರಣದ ಉಪಯೋಗಕ್ಕೆ ಇದು ಅಡ್ಡಿಯಾಗಲಿಲ್ಲ. 1916–17ರಲ್ಲಿ ಚಾಪ್‌ಮನ್ ಮತ್ತು ಎನ್‌ಸ್ಕೋಗ್ ಎಂಬವರು ಬೇರೆಬೇರೆಯಾಗಿಯೇ ಅದನ್ನು ಬಿಡಿಸುವ ಕ್ರಮವನ್ನು ಕಂಡುಹಿಡಿದು, ಅನಿಲಗಳ ಸ್ನಿಗ್ಧತೆಯನ್ನೂ ಉಷ್ಣವಾಹಕತೆಯನ್ನೂ ಗಣಿಸಿದರು. ಉಷ್ಣತೆಯ ವ್ಯತ್ಯಾಸದಿಂದಲೇ ಮಿಶ್ರ ಅನಿಲಗಳು ಭಾಗಶಃ ಬೇರ್ಪಡುವುವೆಂದು ಗಣಿತವು ಮೊದಲು ತಿಳಿಸಿತು. 1917ರಲ್ಲಿ ಚಾಪ್‌ಮನ್ ಮತ್ತು ಡೂಟ್ಸನ್ ಅದನ್ನು ಪ್ರಯೋಗದಿಂದ ದೃಢಪಡಿಸಿದರು. ಸಾಧನೆಯಾದರೋ ಬಹು ನಿಧಾನವಾಗಿ ಬಂದಿತು. 1975ರಲ್ಲಿ ಲ್ಯಾನ್‌ಫರ್ಡನು ಕಠಿಣ ಗೋಲಗಳ ವಿರಳ ಅನಿಲಕ್ಕೆ ಈ ಸಮೀಕರಣವು ನ್ಯೂಟನ್ನನ ನಿಯಮಗಳಿಂದ ದೊರೆಯುವುದೆಂದು ತೋರಿಸಿದನು. ಆದರೆ ಎರಡು ಸಂಘಟ್ಟನೆಗಳ ನಡುವಣ ಸರಾಸರಿ ಕಾಲಕ್ಕಿಂತಲೂ ಕಡಮೆಯಾದ ಅವಧಿಗೆ ಮಾತ್ರ.

ನಮ್ಮ ತರಗತಿಗಳಲ್ಲಿ ಈ ಸಮೀಕರಣವನ್ನು ಬೋಧಿಸುವಾಗ ಅದರ ಊಹೆಯನ್ನೂ, ಅದನ್ನು ಬೆಳಕಿಗೆ ತಂದ ಆಕ್ಷೇಪಗಳನ್ನೂ ಜೊತೆಯಲ್ಲಿಯೇ ಹೇಳುವುದು ಉಚಿತ. ಫಲ ಸರಿಯಾಗಿ ಬಂದಿತೆಂಬ ಮಾತ್ರಕ್ಕೆ ತರ್ಕವು ಪೂರ್ಣವಾಯಿತೆಂದು ವಿದ್ಯಾರ್ಥಿಯು ತಿಳಿಯಬಾರದು.