ಓದಬಾರದ ಊರಿನಲ್ಲಿ ಓದುವ ಹುಡುಗಿ

ದೆವ್ವದ ಕಾದಂಬರಿಯ ಮೇಲೆ ವಿಮರ್ಶೆ ಬರೆಯಲು ನಮ್ಮಲ್ಲಿ ಸಂಕೋಚವಿದೆ. ಓದುವುದಕ್ಕೆ ಮಾತ್ರ ಯಾವ ಸಂಕೋಚವೂ ಇಲ್ಲ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂತು, 1985ರಲ್ಲಿ ಕನ್ನಡ ಚಿತ್ರವೂ ಆಯಿತು. ಕೃಷ್ಣಾ, ಮಕ್ತಲ್, ಗದ್ವಾಲ ಕಡೆಯ ನಮಗೆ ಅದನ್ನು ಎರಡು ಭಾಷೆಗಳಲ್ಲಿ ಓದಿ ಎರಡು ಸಲ ಹೆದರುವ ಅನುಕೂಲವಿತ್ತು. ಕಾಸರಗೋಡಿನ ಓದುಗರಿಗೆ ಕೋಟ್ಟಯಂ ಪುಷ್ಪನಾಥರ ಮಲಯಾಳಂ ಕಾದಂಬರಿಗಳು ಇಂಥದೇ ಸುಖ ಕೊಟ್ಟಿರಬೇಕು. ಗಡಿಯವರ ಸುಖದುಃಖಗಳೆಲ್ಲ ಹೀಗೆ ಜೋಡಿಯಾಗಿಯೇ ಬರುತ್ತವೆ.

ಈಚೆಗೆ ನಾನು ಇಂಗ್ಲಿಷಿನಲ್ಲಿ ಓದಿ ಸಂತೋಷಪಟ್ಟ ಒಂದು ರಕ್ತಪಿಶಾಚಿಯ ಕಾದಂಬರಿಯ ಬಗ್ಗೆ ಇಲ್ಲಿ ಹೇಳಬಯಸುತ್ತೇನೆ. ಅಮೆರಿಕದ ಲೇಖಕಿ ಜೂಲಿ ಕಗಾವಾ ಅವರ ‘ದಿ ಇಮ್ಮಾರ್ಟಲ್ ರೂಲ್ಸ್’ 2012ರಲ್ಲಿ ಪ್ರಕಟವಾಯಿತು. ‘ಬ್ಲಡ್ ಆಫ್ ಈಡನ್’ ಎಂಬ ಮಾಲೆಗೆ ಇದೇ ಮೊದಲನೆಯದು. 2013 ಮತ್ತು 2014ರಲ್ಲಿ ಇನ್ನೆರಡು ಸಂಪುಟಗಳು ಬಂದವು. ಇದೇ ಲೋಕದಿಂದ ಕವಲೊಡೆದು, ಹಿಂದಿನ ಕಾಲದ ಕಥೆ ಹೇಳುವ ಒಂದು ನೀಳ್ಗತೆಯೂ ಇದೆ.

ಕಥೆಯ ಹಿನ್ನೆಲೆ ಹೀಗಿದೆ. ಅರವತ್ತು ವರ್ಷಗಳ ಹಿಂದೆ ‘ಕೆಂಪು ಶ್ವಾಸಕೋಶ’ ಎಂಬ ಸಾಂಕ್ರಾಮಿಕ ರೋಗ ಮನುಷ್ಯಕುಲದ ಬಹುಭಾಗವನ್ನು ನುಂಗಿದೆ. ಉಳಿದವರನ್ನು ಗೋಡೆ ಕಟ್ಟಿದ ನಗರಗಳಲ್ಲಿ ಇಟ್ಟು ರಕ್ತಪಿಶಾಚಿಗಳು ಆಳುತ್ತಿದ್ದಾರೆ. ಗೋಡೆಯ ಹೊರಗೆ ಹುಚ್ಚು ಹಿಡಿದ ರಕ್ತದಾಹಿಗಳು ಅಲೆಯುತ್ತಿವೆ. ಒಳಗಿನವರಲ್ಲಿ ನೋಂದಾಯಿತರು ನಿಯಮದಂತೆ ರಕ್ತ ಕೊಟ್ಟು ರೇಷನ್ ಪಡೆಯುತ್ತಾರೆ. ನೋಂದಾಯಿಸದವರು ಅಂಚಿನ ಪಾಳುಮನೆಗಳಲ್ಲಿ ಕದ್ದು ತಿಂದು ಬದುಕುತ್ತಾರೆ, ಸಿಕ್ಕಿಬಿದ್ದರೆ ನೇಣು. ಆಲಿಸನ್ ಸೆಕೆಮೋಟೊ ಎಂಬ ಹುಡುಗಿ ಈ ಎರಡನೆಯ ಗುಂಪಿನವಳು. ರಕ್ತಪಿಶಾಚಿಗಳನ್ನು ಮೈಯೆಲ್ಲ ದ್ವೇಷಿಸುವ ಅವಳೇ, ಸಾಯುವ ಗಳಿಗೆಯಲ್ಲಿ ಬದುಕಬೇಕೆಂದು ಬಯಸಿ, ಕಾನಿನ್ ಎಂಬವನ ಕೈಯಲ್ಲಿ ಅವರಲ್ಲೊಬ್ಬಳಾಗುತ್ತಾಳೆ. ಆಮೇಲೆ ತನ್ನ ಗುಟ್ಟು ಮುಚ್ಚಿಟ್ಟು, ಈಡನ್ ಎಂಬ ನಿರ್ಭಯದ ಊರನ್ನು ಹುಡುಕುತ್ತಾ ಹೊರಟ ಮನುಷ್ಯರ ಗುಂಪಿನ ಜೊತೆ ನಡೆಯುತ್ತಾಳೆ.

1897ರಲ್ಲಿ ಬ್ರ್ಯಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ದಲ್ಲಿ ಭಯ ಪರದೇಶದಿಂದ ಹಡಗಿನಲ್ಲಿ ಬರುತ್ತದೆ. 1954ರಲ್ಲಿ ರಿಚರ್ಡ್ ಮ್ಯಾಥೆಸನ್ ಬರೆದ ‘ಐ ಆ್ಯಮ್ ಲೆಜೆಂಡ್’ನಲ್ಲಿ ಊರೇ ಪಿಶಾಚಿಗಳ ಪಾಲಾಗಿ ಒಬ್ಬನೇ ಒಬ್ಬ ಮನುಷ್ಯ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಕಗಾವಾ ಅವರಲ್ಲಿ ಪಿಶಾಚಿಯೇ ಸರಕಾರ. ಅದಕ್ಕೆ ದಾಖಲೆ ಪುಸ್ತಕವಿದೆ, ಗೋಡೆಯಿದೆ, ಕಾವಲಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವೂ ಜಮಾ-ಖರ್ಚು ನೋಡುವ ನನಗೆ ರಕ್ತವೇ ಕಂತಾದ ಈ ವ್ಯವಸ್ಥೆ ಕೋರೆಹಲ್ಲಿಗಿಂತ ಹೆಚ್ಚು ನಡುಕ ಹುಟ್ಟಿಸಿತು.

ಆದರೆ ಕೃತಿಯ ಜೀವ ಬೇರೆ ಕಡೆ ಇದೆ. ಆ ಊರಿನಲ್ಲಿ ಮನುಷ್ಯರು ಓದುವುದು ನಿಷಿದ್ಧ. ದೊರೆಗಳು ಪುಸ್ತಕಗಳನ್ನು ನಾಶ ಮಾಡಿದ್ದಾರೆ. ಆಲಿಸನ್‌ಗೆ ಮಾತ್ರ ಓದು ಬರುತ್ತದೆ, ಏಕೆಂದರೆ ತಾಯಿ ಗುಟ್ಟಾಗಿ ಕಲಿಸಿದ್ದಳು. ಹಾಳುಬಿದ್ದ ಕಟ್ಟಡಗಳಲ್ಲಿ ಸಿಕ್ಕ ಪುಸ್ತಕಗಳನ್ನು ಅವಳು ಬಚ್ಚಿಡುತ್ತಾಳೆ. ಹಸಿದವಳು ಅನ್ನದ ಜೊತೆಗೆ ಅಕ್ಷರವನ್ನೂ ಕಾಪಾಡುತ್ತಾಳೆ.

ಇದನ್ನು ಓದುವಾಗ ನಮ್ಮ ‘ನಾಳೆ ಬಾ’ ದೆವ್ವ ನೆನಪಾಯಿತು. ಬಾಗಿಲ ಮೇಲೆ ಆ ಎರಡು ಮಾತು ಬರೆದಿದ್ದರೆ, ಓದಿಕೊಂಡು ಹಿಂದಿರುಗುವ ದೆವ್ವ ಅದು. ತೆಲುಗಿನ ಕಡೆ ಇದನ್ನೇ ‘ಓ ಸ್ತ್ರೀ ರೇಪು ರಾ’ ಎಂದು ಬರೆದರು. ನಮ್ಮ ದೆವ್ವಗಳಿಗೂ ಎರಡು ಲಿಪಿ ಬರುತ್ತಿತ್ತೆಂದಾಯಿತು! ನಗೆಯ ಮಾತಾದರೂ ಒಳಗೊಂದು ಅರ್ಥವಿದೆ: ಮನೆ ಕಾಯುವುದು ಚಿಲಕವಲ್ಲ, ಬಾಗಿಲ ಮೇಲಿನ ಬರಹ ಎಂಬ ನಂಬಿಕೆ.

ಹಾಗೆಂದು ಈ ಕಾದಂಬರಿಯನ್ನು ನಮ್ಮ ಭಾಷೆಯ ಅಳಲಿಗೆ ನೇರವಾಗಿ ಅಂಟಿಸುವುದು ತಪ್ಪು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಸೇರಿತು. ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು 2017ರಲ್ಲಿ ಕೇರಳದಲ್ಲಿ ಬಂತು. ತೆಲುಗು ಕಡ್ಡಾಯ ಮಾಡುವ ಕಾನೂನು 2018ರಲ್ಲಿ ತೆಲಂಗಾಣದಲ್ಲಿ ಬಂತು. ಇವುಗಳ ಬಗ್ಗೆ ಅಹವಾಲು ಹೇಳಿಕೊಳ್ಳುವುದು ನಮ್ಮ ಹಕ್ಕು. ಆದರೆ ತೆಲುಗಿನ ನೆರೆಯವರಾಗಲಿ ಮಲಯಾಳದ ನೆರೆಯವರಾಗಲಿ ರಕ್ತಪಿಶಾಚಿಗಳಲ್ಲ. ನಮ್ಮ ಪುಸ್ತಕಗಳನ್ನು ಯಾರೂ ಸುಟ್ಟಿಲ್ಲ.

ಈ ಕೃತಿ ನನ್ನನ್ನು ನಿಜವಾಗಿ ಹೆದರಿಸಿದ್ದು ಇಲ್ಲಿಯೇ. ಆಲಿಸನ್‌ನ ಊರಿನಲ್ಲಿ ಓದನ್ನು ಮರೆಸಲು ಒಬ್ಬ ದೊರೆ ಬೇಕಾಯಿತು, ನೇಣು ಬೇಕಾಯಿತು. ನಮ್ಮಲ್ಲಿ ಅದ್ಯಾವುದೂ ಬೇಕಾಗಿಲ್ಲ. ಹಣ ತೆಗೆಯಲು ಬರುವ ಅಜ್ಜ ಚೀಟಿಯ ಮೇಲೆ ಕನ್ನಡದಲ್ಲಿ ದುಂಡಗೆ ಸಹಿ ಹಾಕುತ್ತಾನೆ. ಜೊತೆಗೆ ಬಂದ ಮೊಮ್ಮಗ ಮನೆಯಲ್ಲಿ ಸೊಗಸಾದ ಕನ್ನಡ ಆಡುವವನೇ. ಆದರೆ ಅಜ್ಜನ ಹೆಸರನ್ನು ಓದಲಾರ. ಅವನು ತೆಲುಗು, ಇಂಗ್ಲಿಷು ಕಲಿತದ್ದು ಒಳ್ಳೆಯದೇ, ಅದರಲ್ಲೇ ಅವನ ಅನ್ನವಿದೆ. ಮೂರನೆಯದೊಂದನ್ನು ಕಲಿಸಲು ಮನೆಯಲ್ಲಿ ಯಾರೂ ಕೂರಲಿಲ್ಲ, ಅಷ್ಟೇ. ಕೃಷ್ಣಾ ನದಿಯ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ಅಲ್ಲಿಯ ಬೋರ್ಡುಗಳೆಲ್ಲ ಆ ಹುಡುಗನಿಗೆ ಬರೀ ಚಿತ್ರಗಳು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ನಗರ ಬಿಟ್ಟ ಮೇಲೆ ಅಕ್ಷರದ ಎಳೆ ತೆಳುವಾಗಿ, ಪ್ರಯಾಣ ಮತ್ತು ಪ್ರೇಮ ಮುಂದೆ ಬರುತ್ತವೆ. ಝೀಕ್ ಎಂಬ ತರುಣ ಒಳ್ಳೆಯವನು, ತುಸು ಹೆಚ್ಚೇ ಒಳ್ಳೆಯವನು. ಮಾಲೆಯ ಮೊದಲ ಪುಸ್ತಕವಾದ್ದರಿಂದ ಕೊನೆಯಲ್ಲಿ ಕೆಲವು ಬಾಗಿಲುಗಳನ್ನು ಬೇಕೆಂದೇ ತೆರೆದಿಡಲಾಗಿದೆ. ಆದರೂ ಹಸಿವೆಯ ವರ್ಣನೆಯಲ್ಲಿ ಲೇಖಕಿ ಸೋಲುವುದಿಲ್ಲ. ಪಿಶಾಚಿಯಾದ ಮೇಲೂ ಮನುಷ್ಯಳಾಗಿ ಉಳಿಯಲು ಆಲಿಸನ್ ಪ್ರತಿರಾತ್ರಿ ಹೋರಾಡಬೇಕು. ತಾನು ಏನಾಗಿದ್ದೇನೆಂಬುದು ಅವಳ ಕೈಯಲ್ಲಿಲ್ಲ. ಹೇಗೆ ಇರಬೇಕೆಂಬುದು ಇದೆ. ಜನಪ್ರಿಯ ಕಾದಂಬರಿಯೊಂದು ಈ ಮಾತನ್ನು ಉಪದೇಶವಿಲ್ಲದೆ, ಕಥೆಯ ಓಟದಲ್ಲೇ ಹೇಳಿರುವುದು ಸಣ್ಣ ಸಾಧನೆಯಲ್ಲ.

ನಮ್ಮ ಮನೆಗಳ ಹುಡುಗ ಹುಡುಗಿಯರು ಇಂಥ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ಓದಲಿ. ಕಸ ಎಂದು ಕಿತ್ತಿಡಬೇಡಿ. ಕಥೆ ಕೇಳಿ ತಿಳಿದುಕೊಳ್ಳಿ. ಆಲಿಸನ್‌ಗೆ ಓದು ಕಲಿಸಿದವರು ಯಾರೆಂದು ಅವರನ್ನೇ ಕೇಳಿ. ಉತ್ತರ ಬಂದ ಮೇಲೆ ಈ ವಾರ್ಷಿಕವನ್ನು ಅವರ ಮುಂದೆ ಬಿಡಿಸಿಟ್ಟು, ಒಂದು ಪುಟವನ್ನಾದರೂ ಜೊತೆಗೆ ಕೂತು ಓದಿಸಿ.