ಹುಳುವಿನ ಕಪ್ಪು ಚುಕ್ಕೆ, ಎಲೆಯ ಕಂದು ಚುಕ್ಕೆ

ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋದ ಎರಡು ಮೂರು ದಿನಕ್ಕೆ ಅಲ್ಲೊಂದು ಕಪ್ಪು ಚುಕ್ಕೆ ಮೂಡುತ್ತದೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ನುಸುಳಿದ ನೊಣ ಇದು. ಕನಕಪುರ, ಚನ್ನಪಟ್ಟಣದ ಸಾಕಣೆ ಮನೆಗಳ ಕಿಟಕಿಗೆಲ್ಲ ಬಲೆ ಬಂದದ್ದು ಇದರ ಕಾಟಕ್ಕೇ. ಚುಕ್ಕೆ ಕಂಡರೆ ಸಾಕುವವರು ‘ಊಜಿ ಹೊಡೆದಿದೆ’ ಎನ್ನುತ್ತಾರೆ. ಸರಿಯೇ, ಆದರೆ ಆ ಕಪ್ಪು ನೊಣದ್ದಲ್ಲ, ಹುಳುವಿನದೇ.

ನೊಣದ ಮರಿಹುಳು ಚರ್ಮ ಕೊರೆದ ಕೂಡಲೇ ರೇಷ್ಮೆ ಹುಳುವಿನ ರಕ್ತದಲ್ಲಿ ಮಲಗಿದ್ದ ಒಂದು ಕಿಣ್ವ ಏಳುತ್ತದೆ. ಅದು ಫಿನಾಲ್‌ಗಳನ್ನು ಸುಟ್ಟು ಮೆಲನಿನ್ ಎಂಬ ಕಪ್ಪು ಬಣ್ಣ ಮಾಡಿ ಗಾಯವನ್ನು ಮುಚ್ಚಲು ನೋಡುತ್ತದೆ. ಈಗ ತೋಟಕ್ಕೆ ಬನ್ನಿ. ಹಿಪ್ಪುನೇರಳೆ ಎಲೆಯನ್ನು ಹರಿದರೆ ಅಂಚು ಕಂದಾಗುತ್ತದಲ್ಲ, ಅಲ್ಲೂ ಫಿನಾಲ್‌ಗಳೇ, ಅಲ್ಲೂ ಒಡಲಲ್ಲಿ ತಾಮ್ರ ಇಟ್ಟುಕೊಂಡ ಕಿಣ್ವವೇ. ತಿನ್ನುವ ಹುಳು, ತಿನ್ನಿಸಿಕೊಳ್ಳುವ ಎಲೆ, ಎರಡೂ ಗಾಯಕ್ಕೆ ಕೊಡುವ ಉತ್ತರ ಒಂದೇ ಬಣ್ಣದ್ದು. ಹುಳುವನ್ನು ಮಾತ್ರ ನೋಡಿ ಸೊಪ್ಪನ್ನು ಬರೀ ಮೇವೆಂದು ಬಗೆಯುವವರು ಈ ಕಸುಬಿನ ಅರ್ಧ ಸೊಗಸನ್ನೇ ಕಳೆದುಕೊಳ್ಳುತ್ತಾರೆ.

ನಮಗಿರುವಂಥ ಪ್ರತಿಕಾಯಗಳು ಹುಳುವಿಗೂ ಇಲ್ಲ, ಎಲೆಗೂ ಇಲ್ಲ. ವೈರಿಯ ಮೈಯ ಚೂರು ಕಂಡು ಹಿಡಿಯುವುದೇ ಅವೆರಡರ ವಿದ್ಯೆ. ಬ್ಯಾಕ್ಟೀರಿಯಾ ಗೋಡೆಯ ಚೂರನ್ನು ಗುರುತಿಸುವ ಪ್ರೋಟೀನನ್ನು 1996ರಲ್ಲಿ ಜಪಾನಿನ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ರಕ್ತದಿಂದ. ಕಪ್ಪು ಕಟ್ಟಿಸುವ ಕಿಣ್ವವನ್ನು ಎಬ್ಬಿಸುವುದೂ ಅದೇ. ಅದರ ನೆಂಟ ಪ್ರೋಟೀನುಗಳು ಮನುಷ್ಯರಲ್ಲೂ ಸಿಕ್ಕವು.

ಹಾಗಾದರೆ ಗಿಡವೂ ನೆಂಟನೇ? ಇಲ್ಲಿ ಅವಸರ ಬೇಡ. ಬ್ಯಾಕ್ಟೀರಿಯಾದ ಬಾಲದ ಪ್ರೋಟೀನು ಫ್ಲಾಜೆಲಿನ್. ಅದನ್ನು ಹಿಡಿಯುವ ಗಿಡದ ಗ್ರಾಹಕ ಪ್ರೋಟೀನು 2000ದಲ್ಲಿ ತಿಳಿಯಿತು, ಮನುಷ್ಯನ ಗ್ರಾಹಕ 2001ರಲ್ಲಿ. ಎರಡರ ಹಿಡಿಕೆಯ ವಿನ್ಯಾಸ ಒಂದೇ ಬಗೆಯದು, ಆದರೆ ಫ್ಲಾಜೆಲಿನ್‌ನ ಬೇರೆ ಬೇರೆ ಭಾಗವನ್ನು ಹಿಡಿಯುತ್ತವೆ. ಒಂದೇ ಮೂಲದಿಂದ ಬಂದದ್ದಕ್ಕಿಂತ, ಇಬ್ಬರೂ ತಮ್ಮ ತಮ್ಮ ಪಾಡಿಗೆ ಒಂದೇ ಉಪಾಯಕ್ಕೆ ಬಂದರೆಂಬ ವಾದವೇ ನನಗೆ ಹಿಡಿಸುತ್ತದೆ.

ಹುಳು, ಎಲೆ ಬೇರೆಯಾಗುವುದು ಕಾವಲಿನಲ್ಲಿ. ಹುಳುವಿಗೆ ತಿರುಗಾಡುವ ರಕ್ತಕಣಗಳಿವೆ. ಎಲೆಯೆಂಬ ಊರಿಗೆ ತಳವಾರನಿಲ್ಲ, ಮನೆಮನೆಯೂ ತಾನೇ ಕಾಯ್ದುಕೊಳ್ಳಬೇಕು. ರೋಗಾಣು ಒಳಹೊಕ್ಕ ಕೋಶ ಎಷ್ಟೋ ಸಲ ಬೇಕೆಂದೇ ಸಾಯುತ್ತದೆ. ಎಲೆಯಡಿ ಬಿಳಿ ಹಿಟ್ಟು ಬಳಿದಂತೆ ಹಬ್ಬುವ ಬೂದಿ ರೋಗದಂಥ ಬೂಷ್ಟಿಗೆ ಜೀವಂತ ಕೋಶವೇ ಅನ್ನ, ಕೋಶ ಸತ್ತರೆ ಅದಕ್ಕೆ ಉಪವಾಸ. ಆದರೆ ಸತ್ತದ್ದನ್ನೇ ತಿಂದು ಬದುಕುವ ಬೂಷ್ಟುಗಳಿಗೆ ಈ ಆತ್ಮಾಹುತಿ ಹಬ್ಬದೂಟ. ಕಾವಲನ್ನೇ ಲಾಭ ಮಾಡಿಕೊಳ್ಳುವ ಈ ಜಾಣತನ ಊಜಿಗೂ ಗೊತ್ತು. ರೇಷ್ಮೆ ಹುಳು ಕಟ್ಟುವ ಕಪ್ಪು ಕವಚವನ್ನೇ ಕೊಳವೆಯಾಗಿಸಿಕೊಂಡು ಒಳಗಿನ ನೊಣದ ಮರಿಹುಳು ಹೊರಗಿನ ಗಾಳಿ ಎಳೆಯುತ್ತದೆ!

  

ರೋಗ ತಡೆಯುವ ಶಕ್ತಿ ಪುಕ್ಕಟೆಯಲ್ಲ. ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ, ರೋಗ ಗುರುತಿಸುವ ಒಂದೇ ಒಂದು ಜೀನ್ ಇದ್ದದ್ದಕ್ಕೆ, ರೋಗವಿಲ್ಲದ ಹೊಲದಲ್ಲಿ ಬೀಜದ ಇಳುವರಿ ಶೇ 9ರಷ್ಟು ಕುಸಿದದ್ದು 2003ರ ಪ್ರಯೋಗವೊಂದರಲ್ಲಿ ಕಂಡಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ಮಾಗಡಿ ಸೀಮೆಯಲ್ಲಿ ಬಿತ್ತನೆಗಾಗಿ ಸಾಕುವ ಮೈಸೂರು ತಳಿ. ಸೆಕೆ, ರೋಗ ಎರಡನ್ನೂ ತಾಳುವ ಹುಳು, ಗೂಡು ಸಣ್ಣದು, ನೂಲು ಕಡಿಮೆ. ದ್ವಿತಳಿ ಎಂಬ ಇನ್ನೊಂದು ಬಗೆಯ ಹುಳುವಿನ ಬಿಳಿ ಗೂಡಿನಲ್ಲಿ ನೂಲು ಬಹಳ, ಆದರೆ ಹುಳು ನಾಜೂಕು. ಇಲ್ಲಿಯೂ ಅದೇ ಲೆಕ್ಕ ನಡೆದಿದೆಯೆಂದು ನನ್ನ ಊಹೆ. ಈ ಜಗಳ ಮದುವೆಯಲ್ಲಿ ಮುಗಿದಿದೆ: ತಾಯಿ ಮೈಸೂರು, ತಂದೆ ದ್ವಿತಳಿ. ರಾಮನಗರದ ಮಾರುಕಟ್ಟೆಗೆ ಬರುವ ಹಳದಿ ಮಿಶ್ರತಳಿ ಗೂಡು ಆ ಸಂಸಾರದ ಕೂಸು.